ಎಂಟು ತಿಂಗಳ ಎಕ್ಸ್‌ಪೀರಿಯನ್ಸು

2024ರ ಜನವರಿ ಮೊದಲ ವಾರ. ನಮ್ಮ ಟೀಮಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದೇ ಮಾತು. ಲಾರಿ ಡ್ರೈವರ್‌ಗಳು ಸ್ಟ್ರೈಕ್ ಮಾಡ್ತಿದ್ದಾರಂತೆ, ಹೈದರಾಬಾದಿನಲ್ಲಿ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲಂತೆ, ನಾವೂ ಈಗಲೇ ಟ್ಯಾಂಕ್ ತುಂಬಿಸಿಕೊಳ್ಳೋದು ಒಳ್ಳೇದಾ? ಸ್ಟ್ರೈಕ್ ಯಾಕೆ ಅಂತ ಕೇಳಿದವರು ಕಮ್ಮಿ. ನಾನೂ ಕೇಳಲಿಲ್ಲ. ಸಂಜೆ ಲಾಗ್‌ಔಟ್ ಆಗಿ, ಬಂಕಿಗೆ ಹೋಗಿ, ಫುಲ್ ಟ್ಯಾಂಕ್ ಮಾಡಿಸಿ ಮನೆಗೆ ಬಂದೆ.

ರಾತ್ರಿ ಒಂಬತ್ತೂವರೆಗೆ ಚಿಕ್ಕಪ್ಪನ ಮಗನ ಫೋನು.

"ಅಣ್ಣ, ಊಟ ಆಯ್ತಾ?"

"ಆಯ್ತು ಕಣೋ. ಏನು, ನಿಮ್ದೂ ಸ್ಟ್ರೈಕಾ?"

"ನಮ್ದೆಲ್ಲಿ ಸ್ಟ್ರೈಕು. ಈಗ್ತಾನೆ ನಾಲ್ಕನೇ ಟ್ರಿಪ್ ಇಳಿಸ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಣ್ಣ, ಈ ಕೆಲ್ಸ ಬಿಡಬೇಕು ಅಂತಿದೀನಿ. ಬೇರೆ ಕಡೆ ನೋಡ್ಬೇಕು. ಹೆಂಗೆ ಅಂತ ನಿಂಗ್ ಗೊತ್ತಿರತ್ತಲ್ಲ, ನೀನು ಮೂರ್ನಾಲ್ಕು ಬದಲಾಯಿಸಿದ್ದೀಯ."

ಇವನ ಹೆಸರು ಹೇಳಲ್ಲ. ಬರೀತೀನಿ ಅಂದಾಗ ಅವನು ಹಾಕಿದ ಕಂಡೀಷನ್ನೇ ಅದು: "ಹೆಸ್ರು ಹಾಕ್ಬೇಡ, ಓನರ್ ಓದಿದ್ರೆ ಕಷ್ಟ." ಅವನ ಯಾವ ಓನರೂ ಈ ಅಂಕಣ ಓದಲಾರರು ಅಂತ ನನಗೆ ಗೊತ್ತು. ಆದರೂ ಮಾತು ಕೊಟ್ಟಿದ್ದೀನಿ.

ನಮ್ಮೂರು ತಿಪಟೂರಿನ ಹತ್ತಿರ, ಬಿ.ಎಚ್. ರಸ್ತೆಯಿಂದ ಒಂದಷ್ಟು ಒಳಗೆ. ನಾನು ಓದಿ ಬೆಂಗಳೂರಿಗೆ ಬಂದೆ. ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಲಾರಿ ಹತ್ತಿದ, ಕ್ಲೀನರ್ ಆಗಿ. ನಾಲ್ಕು ವರ್ಷ ಅರಸೀಕೆರೆಯ ಒಬ್ಬ ಹಿರಿಯ ಡ್ರೈವರ್ ಜೊತೆಗಿದ್ದ. ಅವರನ್ನು ಮಂಡಿಯಲ್ಲಿ ಎಲ್ಲರೂ ಚಾಚಾ ಅಂತಾರೆ. ಟಾರ್ಪಾಲು ಎಳೆದ, ಹಗ್ಗ ಬಿಗಿದ, ಗ್ರೀಸು ಹೊಡೆದ, ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ಬಾಡಿ ತಟ್ಟಿದ. ಮಧ್ಯೆ ಕಾರು-ಜೀಪಿನ ಲೈಸೆನ್ಸು ಮಾಡಿಸಿಕೊಂಡ. ಅದಾಗಿ ಒಂದು ವರ್ಷ ತುಂಬಿದ ಮೇಲೇ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್ಎಲ್ಆರ್ ಸಿಗೋದು, ಕಾನೂನು ಹಾಗಿದೆ. ಕಾದ. ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ, 2023ರ ಮೇ ತಿಂಗಳಲ್ಲಿ ಹೆವಿ ಲೈಸೆನ್ಸು ತಗೊಂಡ. ಆ ಕಾರ್ಡಿನ ಫೋಟೋ ನನಗೆ ಕಳಿಸಿದ್ದ. ನಾನೊಂದು ಥಂಬ್ಸ್‌ಅಪ್ ಒತ್ತಿದ್ದೆ.

ಲೈಸೆನ್ಸ್ ಟೆಸ್ಟ್ ಬಗ್ಗೆ ಒಂದು ಮಾತು. ಟೆಸ್ಟ್ ಕೊಡೋದು ಸ್ಕೂಲಿನವರ ಹಳೇ ಲಾರಿಯಲ್ಲಿ, ಖಾಲಿ ಲಾರಿಯಲ್ಲಿ. ಮಾರನೇ ದಿನ ಕೆಲಸಕ್ಕೆ ಹೋದರೆ ಕೈಗೆ ಸಿಗೋದು ಲೋಡಾದ ಹತ್ತು ಚಕ್ರದ ಟಿಪ್ಪರ್. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಲೋಡ್ ಜಾಸ್ತಿ ಮಾಡಿದ ಮೇಲೆ ಇಂಥ ಗಾಡಿ ಮಾಲು ಸೇರಿ 28.5 ಟನ್ ತೂಗಬಹುದು, ಕಾಗದದ ಮೇಲೆ. ನಿಜವಾಗಿ ಎಷ್ಟು ತೂಗತ್ತೆ ಅಂತ ಕ್ರಷರ್ ಕಡೆಯವರನ್ನೇ ಕೇಳಬೇಕು. ಖಾಲಿ ಗಾಡಿ ಬ್ರೇಕ್ ಒತ್ತಿದ ಕಡೆ ನಿಲ್ಲತ್ತೆ. ಲೋಡ್ ಗಾಡಿ ಒತ್ತಿದ ಕಡೆ ನಿಲ್ಲಲ್ಲ. ಈ ವ್ಯತ್ಯಾಸ ಯಾವ ಪರೀಕ್ಷೆಯಲ್ಲೂ ಬರಲ್ಲ. ನಾವು ಕಾಲೇಜಿನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಮ್ ಬರೆದು ಪಾಸಾಗಿ, ಕಂಪನಿಗೆ ಬಂದು ಯಾರೋ ಹತ್ತು ವರ್ಷ ಹಿಂದೆ ಬರೆದಿಟ್ಟ ಲಕ್ಷಾಂತರ ಸಾಲಿನ ಕೋಡಿನ ಮುಂದೆ ಕೂತ ಹಾಗೆ. ಆದರೆ ನಮ್ಮ ಕೋಡು ಯಾರ ಮೇಲೂ ಹತ್ತಲ್ಲ.

ಅವನ ಮೊದಲ ಕೆಲಸ ಜಲ್ಲಿ, ಎಂ-ಸ್ಯಾಂಡ್ ಹೊಡೆಯೋ ಟಿಪ್ಪರಿನಲ್ಲಿ. ಸಂಬಳ ಅಂತ ಸ್ವಲ್ಪ, ಮಿಕ್ಕಿದ್ದು ಟ್ರಿಪ್ ಲೆಕ್ಕ. ತಿಂಗಳಿಗೆ ಇಪ್ಪತ್ತೆರಡು ಸಾವಿರದ ಹತ್ತಿರ ಬರ್ತಿತ್ತು. ಕ್ಲೀನರ್ ಇಲ್ಲ. ಡ್ರೈವರ್ ಒಬ್ಬನೇ.

"ಯಾಕೆ ಬಿಡ್ತೀಯ?" ಅಂತ ಕೇಳಿದೆ.

"ಸೆಟ್ಟಾಗ್ತಿಲ್ಲ ಅಣ್ಣ."

ನಮ್ಮ ಫೀಲ್ಡಿನಲ್ಲಿ ಈ ಮಾತಿಗೆ ಅರ್ಥ ಒಂದೇ, ದುಡ್ಡು ಸಾಲ್ತಿಲ್ಲ ಅಂತ. ನಾನು ಹಾಗೇ ತಿಳಕೊಂಡೆ. ಮೂರನೇ ಕಂಪನಿಗೆ ಹೋಗುವಾಗ ಎಚ್.ಆರ್. ಮುಂದೆ ಕೂತು ನಲವತ್ತು ಪರ್ಸೆಂಟ್ ಹೈಕ್ ಎಳೆದವನು ನಾನು. ಹುಮ್ಮಸ್ಸು ಬಂತು. "ಸಂಕ್ರಾಂತಿಗೆ ಬರ್ತೀನಿ, ಕೂತು ಪ್ಲಾನ್ ಮಾಡೋಣ" ಅಂದೆ. ಬರೋವಷ್ಟರಲ್ಲಿ ಅವನಿಗೊಂದು ಬಯೋಡೇಟಾ ಕೂಡ ಟೈಪ್ ಮಾಡಿ ಪ್ರಿಂಟ್ ತೆಗೆಸಿದ್ದೆ. ನಗಬೇಡಿ. ಒಂದೇ ಪುಟ, ಕನ್ನಡದಲ್ಲಿ. ಮೇಲೆ ಹೆಸರು, ಲೈಸೆನ್ಸ್ ದರ್ಜೆ, ಕೆಳಗೆ "ಅನುಭವ: 4+ ವರ್ಷ".

ಆ ಪ್ಲಸ್ ಗುರುತು ನನ್ನ ಹಳೇ ಚಟ. 2015ರಲ್ಲಿ ನಾನು ಮೊದಲ ಕೆಲಸ ಬಿಡಬೇಕು ಅಂತ ಹೊರಟಾಗ ನನ್ನ ಅನುಭವ ಒಂದು ವರ್ಷ ಏಳು ತಿಂಗಳು. ಎಲ್ಲ ಕಡೆ ಕೇಳ್ತಿದ್ದದ್ದು ಕನಿಷ್ಠ ಎರಡು ವರ್ಷ. ನಾನು "2+" ಅಂತ ಬರೆದೆ. ಟ್ರೈನಿಂಗ್ ಸೇರಿಸಿದೆ, ಫೈನಲ್ ಇಯರ್ ಪ್ರಾಜೆಕ್ಟ್ ಸೇರಿಸಿದೆ, ಹೆಂಗೋ ಕೂಡಿಸಿದೆ. ಯಾರಿಗೂ ನಷ್ಟ ಆಗಲಿಲ್ಲ, ಕೆಲಸ ಸಿಕ್ಕಿತು. ಲಾರಿಯವರ ಗ್ರೂಪುಗಳಲ್ಲೂ ಇದೇ ಕಥೆ. "ಹೆವಿ ಡ್ರೈವರ್ ಬೇಕಾಗಿದ್ದಾರೆ, ಕನಿಷ್ಠ 3 ವರ್ಷ ಅನುಭವ." ಅನುಭವ ಇಲ್ಲದೆ ಗಾಡಿ ಕೊಡಲ್ಲ, ಗಾಡಿ ಕೊಡದೆ ಅನುಭವ ಬರಲ್ಲ. ಇವನಿಗೆ ಎಂಟು ತಿಂಗಳು. ಕ್ಲೀನರ್ ಆಗಿದ್ದ ನಾಲ್ಕು ವರ್ಷದಲ್ಲಿ ಚಾಚಾ ಎಷ್ಟೋ ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಕೊಟ್ಟಿದ್ದರು, ಅದು ಊರಿಗೆಲ್ಲ ಗೊತ್ತು. ಆದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಅನುಭವವನ್ನು ಎಲ್ಲಿ ಬರೀತೀರಿ? ಅದನ್ನೇ ನಾನು ಪ್ಲಸ್ ಗುರುತಿನೊಳಗೆ ತುಂಬಿದ್ದೆ.

ಸಂಕ್ರಾಂತಿ ದಿನ ಜಗಲಿ ಮೇಲೆ ಕೂತು ಅವನು ಆ ಹಾಳೆಯನ್ನು ನಿಧಾನಕ್ಕೆ ಓದಿದ.

"ನಾಲ್ಕು ವರ್ಷ ಅಂತ ಹಾಕಿದ್ದೀಯಲ್ಲಣ್ಣ?"

"ಹೂಂ. ಹಂಗೇ ಹಾಕ್ಬೇಕು. ಎಲ್ರೂ ಹಾಕ್ತಾರೆ."

"ಕಾರ್ಡಲ್ಲಿ ಡೇಟ್ ಇರತ್ತೆ. ಯಾವ್ ಗಾಡಿ ಓಡ್ಸೋಕೆ ಯಾವತ್ತು ಪರ್ಮಿಷನ್ ಸಿಕ್ತು ಅಂತ ಬೇರೆ ಬೇರೆ ಬರ್ದಿರತ್ತೆ."

ಅದು ನನಗೆ ಗೊತ್ತಿರಲಿಲ್ಲ. ನನ್ನ ಕಾರ್ಡು ತೆಗೆದು ನೋಡಿದೆ. ಹೌದು.

"ಸರಿ, ಕಾರ್ಡ್ ಕೊಡು ನೋಡೋಣ" ಅಂದೆ.

ಕಾರ್ಡು ಅವನ ಹತ್ತಿರ ಇರಲಿಲ್ಲ. ಟಿಪ್ಪರ್ ಓನರ್ ಹತ್ತಿರ ಇತ್ತು.

ಇಲ್ಲಿಗೆ ಬಂದಾಗ ನನ್ನ ಪ್ಲಾನಿನ ನಿಜವಾದ ಸಮಸ್ಯೆ ಗೊತ್ತಾಯ್ತು. ಕೆಲಸಕ್ಕೆ ಸೇರಿ ಎರಡು ತಿಂಗಳಿಗೆ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತಲ್ಲ, ಆವಾಗ ಇವನು ಓನರ್ ಹತ್ತಿರ ಅರವತ್ತು ಸಾವಿರ ಅಡ್ವಾನ್ಸ್ ತಗೊಂಡಿದ್ದ. ತಿಂಗಳು ತಿಂಗಳು ಮುರಿದುಕೊಂಡು ಇನ್ನೂ ನಲವತ್ತು ಬಾಕಿ. ಅದು ತೀರೋವರೆಗೂ ಲೈಸೆನ್ಸ್ ಕಾರ್ಡು ಸಾಹುಕಾರ್ರ ಬೀರುವಿನಲ್ಲಿ. ಬರೆದುಕೊಟ್ಟ ಕಾಗದ ಏನಿಲ್ಲ. ಎಲ್ಲ ಕಡೆ ಪದ್ಧತಿ ಹಂಗೇ.

ನಾನು ಬುದ್ಧಿವಂತನ ಹಾಗೆ, "ಡಿಜಿಲಾಕರಲ್ಲಿ ಡೌನ್‌ಲೋಡ್ ಮಾಡ್ಕೊ, 2018ರಿಂದಾನೇ ಅದು ನಡೆಯತ್ತೆ, ಪೊಲೀಸ್ನೋರೂ ಒಪ್ಪಬೇಕು" ಅಂದೆ.

"ಫೋನಲ್ಲಿ ಇದೆ ಕಣಣ್ಣ, ನಾನೇನ್ ದಡ್ಡನಾ? ಕಾರ್ಡಿಗೆ ಅಲ್ಲ. ದುಡ್ಡ್ ಇಟ್ಕೊಂಡು ಹೊರಟೋದ ಅಂತ ಒಂದ್ ಮಾತು ಬಂದ್ರೆ ಈ ಬೆಲ್ಟಲ್ಲಿ ಇನ್ನೊಬ್ರು ಗಾಡಿ ಕೊಡಲ್ಲ."

ನನಗೆ ಸಿಟ್ಟು ಬಂತು. ಇದೆಂಥ ಜೀತ ಅಂತ ಬೈದೆ. ಬೈದು ಮುಗಿಸೋ ಅಷ್ಟರಲ್ಲಿ ನನ್ನದೇ ನೆನಪಾಯ್ತು. ನನ್ನ ಮೊದಲ ಕಂಪನಿ, ಹೆಸರು ಬೇಡ, ಸೇರುವಾಗ ಎರಡು ವರ್ಷದ ಬಾಂಡಿಗೆ ಸೈನ್ ಹಾಕಿಸಿಕೊಂಡು, ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಇಸ್ಕೊಂಡಿತ್ತು. ಎ.ಸಿ. ರೂಮು, ಇಂಗ್ಲಿಷು, ಕೊರಳಿಗೆ ಟ್ಯಾಗು ಇದ್ದದ್ದರಿಂದ ಅದು ನನಗೆ ಜೀತ ಅಂತ ಅನ್ನಿಸಿರಲಿಲ್ಲ, ಪಾಲಿಸಿ ಅನ್ನಿಸಿತ್ತು. ಬಿಡುವಾಗ ಐವತ್ತು ಸಾವಿರ ಕಟ್ಟಬೇಕಾಯ್ತು. ಅಪ್ಪ ಅಟ್ಟದ ಮೇಲಿನ ಕಾಯಿ ಇಳಿಸಿದರು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಕೂರಬೇಕು, ಒಳಗೇ ಒಣಗಬೇಕು. ಅಪ್ಪ ಎರಡು ತಿಂಗಳು ಮೊದಲೇ ಒಡೆಸಿದರು. ಹಸಿ ಹಸಿ ಇದ್ದದ್ದೂ ಇತ್ತು, ರೇಟು ಬರಲಿಲ್ಲ. ಬಂದಷ್ಟು ತಂದುಕೊಟ್ಟರು. ನಾನು ಮಾರ್ಕ್ಸ್ ಕಾರ್ಡು ಬಿಡಿಸಿಕೊಂಡು ಹೊಸ ಕಂಪನಿ ಸೇರಿದೆ. ಆ ಐವತ್ತು ಸಾವಿರ ನಾನು ಅಪ್ಪನಿಗೆ ವಾಪಸ್ ಕೊಟ್ಟೆನಾ? ಇಲ್ಲ. ಅವರು ಕೇಳಲಿಲ್ಲ, ನನಗೂ ನೆನಪಾಗಲಿಲ್ಲ.

"ನಲವತ್ತು ನಾನ್ ಕೊಡ್ತೀನಿ" ಅಂದೆ. ನಮ್ಮಲ್ಲಿ ಇದಕ್ಕೆ ನೋಟಿಸ್ ಪೀರಿಯಡ್ ಬೈಔಟ್ ಅಂತಾರೆ, ಹೊಸ ಕಂಪನಿಯೇ ಹಳೇ ಕಂಪನಿಗೆ ದುಡ್ಡು ಕಟ್ಟಿ ಬಿಡಿಸಿಕೊಂಡು ಹೋಗತ್ತೆ ಅಂತ ವಿವರಿಸಿದೆ. ಅವನಿಗೆ ನಗು ಬಂತು. "ಎಮ್ಮೆ ಹಗ್ಗ ಬಿಚ್ಚಿಸ್ಕೊಂಡ್ ಹೋದಂಗೆ" ಅಂದ. ಎರಡು ದಿನ ಬೇಡ ಬೇಡ ಅಂದು, ಮೂರನೇ ದಿನ ಒಪ್ಪಿಕೊಂಡ. ನಾನು ಓನರ್ ಮನೆಗೆ ಹೋಗಿ ಯುಪಿಐ ಮಾಡಿದೆ. ಆ ಮನುಷ್ಯ ಕೆಟ್ಟವರಂತೇನೂ ಕಾಣಲಿಲ್ಲ. ಕಾಫಿ ಕೊಟ್ಟರು. "ಹುಡುಗ ಒಳ್ಳೆಯವ್ನೆ, ಸ್ವಲ್ಪ ಸ್ಲೋ" ಅಂದರು. ಬೀರು ತೆಗೆದಾಗ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಒಂದು ಕಟ್ಟು ಕಂಡಿತು. ಅದರಿಂದ ಇವನದೊಂದು ಎಳೆದು ಕೊಟ್ಟರು.

ಹೊಸ ಕೆಲಸದ ಇಂಟರ್ವ್ಯೂಗೆ ನಾನೂ ಹೋಗಿದ್ದೆ. ಎಪಿಎಂಸಿ ಹತ್ತಿರ, ಕೊಬ್ಬರಿ ಲೋಡ್ ಹೊಡೆಯೋ ಒಬ್ಬರು ಯಜಮಾನರು, ಮೂರು ಲಾರಿ. ತಿಪಟೂರಿನ ಉಂಡೆ ಕೊಬ್ಬರಿ ಹೋಗೋದೇ ಉತ್ತರ ಭಾರತಕ್ಕೆ, ದೆಹಲಿ ಕಡೆಗೆಲ್ಲ. ಒಂದು ಕಡೆಗೇ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ಯಜಮಾನರು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದರು. ನಾನು ಬಯೋಡೇಟಾ ಕೊಟ್ಟೆ. ಪೂರ್ತಿ ಓದಿದರು, ಸುಳ್ಳು ಹೇಳಬಾರದು. ಆಮೇಲೆ ತಿರುಗಿಸಿದರು, ಹಿಂದುಗಡೆ ಖಾಲಿ ಇತ್ತು, ಅದರ ಮೇಲೆ ಯಾವುದೋ ಬಾಡಿಗೆ ಲೆಕ್ಕ ಬರೆದುಕೊಂಡರು.

"ಎಷ್ಟು ವರ್ಷ ಆಯ್ತಪ್ಪ ಓಡಿಸ್ತಾ?"

ನಾನು ಕಣ್ಣು ಸನ್ನೆ ಮಾಡಿದೆ. ಅವನು ನೋಡಲೇ ಇಲ್ಲ.

"ಲೈಸೆನ್ಸ್ ಬಂದು ಎಂಟು ತಿಂಗಳು ಸಾರ್. ಟಿಪ್ಪರಲ್ಲಿ ಅಷ್ಟೆ. ಲೈನ್ ಮೇಲೆ ಒಬ್ನೇ ಹೋಗಿಲ್ಲ."

"ಯಾರ ಜೊತೆ ಕ್ಲೀನರಾಗಿದ್ದೆ?"

ಚಾಚಾ ಹೆಸರು ಹೇಳಿದ. ಯಜಮಾನರು ಅಲ್ಲೇ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ. ಅತ್ತ ಕಡೆಯಿಂದ ಬಂದದ್ದು ಇಷ್ಟೇ: "ಅವ್ನಾ? ಹಗ್ಗ ಚೆನ್ನಾಗಿ ಕಟ್ತಾನೆ. ನಿದ್ದೆ ಬಂದ್ರೆ ನಿದ್ದೆ ಬಂತು ಅಂತ ಹೇಳ್ತಾನೆ. ಇಟ್ಕೊಳ್ಳಿ." ಮುಗೀತು. ನನ್ನ ಈಗಿನ ಕಂಪನಿ ನನ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ನಿಗೆ ಬೇರೊಂದು ಏಜೆನ್ಸಿ ಇಟ್ಟು ಮೂರು ವಾರ ತಗೊಂಡಿತ್ತು. ನಿದ್ದೆ ಬಂದರೆ ಹೇಳ್ತೀನಾ ಅಂತ ಯಾರೂ ವಿಚಾರಿಸಲಿಲ್ಲ.

ಆಮೇಲೆ ಒಂದು ಕಬ್ಬಿಣದ ರಾಡ್ ಕೊಟ್ಟು "ಟೈರ್ ನೋಡು" ಅಂದರು. ಇವನು ಲಾರಿ ಸುತ್ತ ಒಂದೊಂದೇ ಟೈರಿಗೆ ಬಡಿದುಕೊಂಡು ಬಂದ. ನನ್ನ ಕಿವಿಗೆ ಎಲ್ಲ ಒಂದೇ ಶಬ್ದ. ಹಿಂದಿನ ಎಡಗಡೆ, ಒಳಗಿನ ಟೈರಿಗೆ ಎರಡು ಸಲ ಬಡಿದು "ಇದ್ರಲ್ಲಿ ಗಾಳಿ ಕಮ್ಮಿ ಇದೆ" ಅಂದ. ಯಜಮಾನರು ಏನೂ ಹೇಳಲಿಲ್ಲ. "ಒಳಗಡೆ ಹಾಕು" ಅಂತ ಗೋಡೌನ್ ಕಡೆ ತೋರಿಸಿದರು. ಇವನು ಸ್ಟಾರ್ಟ್ ಮಾಡಿ, ಗೇಜು ನೋಡ್ತಾ ಸುಮ್ಮನೆ ಕೂತ. ನಾನು ಕೆಳಗಿಂದ "ಹೊರಡೋ" ಅಂತ ಕೈಸನ್ನೆ ಮಾಡ್ತಿದ್ದೆ. ಆಮೇಲೆ ಹೇಳಿದ: ಲಾರಿ ಬ್ರೇಕ್ ಕೆಲಸ ಮಾಡೋದು ಗಾಳಿಯಲ್ಲಿ. ಇಂಜಿನ್ ಓಡ್ತಾ ಟ್ಯಾಂಕಿಗೆ ಗಾಳಿ ತುಂಬೋವರೆಗೂ ಗಾಡಿ ಎಬ್ಬಿಸಬಾರದು. ಎಷ್ಟು ಜನ ಕಾಯ್ತಾರೆ ಅಂತ ನೋಡೋಕೇ ಯಜಮಾನರು ಹಾಗೆ ಹೇಳಿದ್ದಂತೆ. ರಿವರ್ಸ್ ಒಂದೇ ಸಲಕ್ಕೆ ಬರಲಿಲ್ಲ. ಮೂರು ಸಲ ಮುಂದೆ ತಗೊಂಡು, ಇಳಿದು ಹಿಂದೆ ಹೋಗಿ ನೋಡಿ ಬಂದು, ನಾಲ್ಕನೇ ಸಲಕ್ಕೆ ಹಾಕಿದ. ನನಗೆ ನಾಚಿಕೆ ಆಗ್ತಿತ್ತು. ಯಜಮಾನರು "ಇಳ್ದು ನೋಡ್ತಾನೆ, ಪರವಾಗಿಲ್ಲ" ಅಂದರು.

ಆಫರ್ ಏನಪ್ಪ ಅಂದರೆ: ಆರು ತಿಂಗಳು ಸೆಕೆಂಡ್ ಡ್ರೈವರ್. ಹನ್ನೆರಡು ಸಾವಿರ ಸಂಬಳ, ಹೊರಗಿದ್ದ ದಿನಕ್ಕೆ ಬಾಟಾ. ಮೇನ್ ಡ್ರೈವರ್ ಹೇಳಿದಾಗ, ಹೇಳಿದ ಕಡೆ ಮಾತ್ರ ಸ್ಟೇರಿಂಗು. ಆಮೇಲೆ ನೋಡೋಣ.

ವಾಪಸ್ ಬರುವಾಗ ಟೀ ಅಂಗಡಿ ಮುಂದೆ ನಮಗಿಬ್ಬರಿಗೂ ಜಗಳ.

"ಯಾರಾದ್ರೂ ಕಮ್ಮಿ ಸಂಬಳಕ್ಕೆ ಕೆಲ್ಸ ಬದಲಾಯಿಸ್ತಾರೇನೋ? ಇದಕ್ಕಾ ನಾನು ನಲವತ್ತು ಸಾವಿರ ಕಟ್ಟಿದ್ದು?"

ಆ ಎರಡನೇ ವಾಕ್ಯ ಆಡಬಾರದಿತ್ತು. ಆಡಿಬಿಟ್ಟೆ. ಅವನು ಟೀ ಲೋಟ ಕೆಳಗಿಟ್ಟ.

"ಒಬ್ನೇ ಓಡ್ಸೋಕೆ ಇನ್ನೂ ಆಗಲ್ಲಣ್ಣ. ಪಕ್ಕದಲ್ಲಿ ಯಾರಾದ್ರೂ ಕೂತಿರ್ಬೇಕು."

ಅಷ್ಟೇ ಹೇಳಿದ್ದು. ಫೆಬ್ರವರಿ ಒಂದಕ್ಕೆ ಸೇರಿದ. ನಾನು ಬೆಂಗಳೂರಿಗೆ ಬಂದು, ಇವನಿಗೆ ಆಂಬಿಷನ್ ಇಲ್ಲ ಅಂತ ಹೆಂಡತಿ ಹತ್ತಿರ ಹೇಳಿಕೊಂಡೆ.

ನಿಜ ಗೊತ್ತಾದದ್ದು ಯುಗಾದಿಗೆ, ಏಪ್ರಿಲ್‌ನಲ್ಲಿ. ನನ್ನ ಕಾರು ಅವನೇ ಓಡಿಸ್ತಿದ್ದ, ತಿಪಟೂರಿಂದ ಊರಿಗೆ. ಪಕ್ಕದೂರಿನ ಹೈಸ್ಕೂಲ್ ಹತ್ತಿರ ಬಂದಾಗ ಗಾಡಿಯನ್ನು ಎರಡನೇ ಗೇರಿಗೆ ತಂದ. ಹಬ್ಬದ ರಜೆ, ಗೇಟಿಗೆ ಬೀಗ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. "ಏನೋ, ಪಂಕ್ಚರಾ?" ಅಂದೆ. ಇಲ್ಲ ಅಂದ. ಸ್ವಲ್ಪ ಮುಂದೆ ಹೋಗಿ ಹುಣಸೆಮರದ ಕೆಳಗೆ ನಿಲ್ಲಿಸಿ ಹೇಳಿದ.

ಡಿಸೆಂಬರ್‌ನಲ್ಲಿ, ಟಿಪ್ಪರ್ ಓಡಿಸುವಾಗ. ಬೆಳಿಗ್ಗೆ ಒಂಬತ್ತೂ ಚಿಲ್ಲರೆ, ಲೋಡ್ ಗಾಡಿ, ಆವತ್ತಿನ ಎರಡನೇ ಟ್ರಿಪ್ಪು. ಹಿಂದಿನ ರಾತ್ರಿ ಮಲಗಿದ್ದು ಮೂರು ಗಂಟೆ. ಮಧ್ಯಾಹ್ನದೊಳಗೆ ಇನ್ನೊಂದು ಟ್ರಿಪ್ ಬೇಕು ಅಂತ ಓನರ್ ಎರಡು ಸಲ ಫೋನ್ ಮಾಡಿದ್ದರು. ಸ್ಕೂಲ್ ತಿರುವಿನಲ್ಲಿ ಸೈಕಲ್ ಮೇಲೆ ಒಬ್ಬ ಹುಡುಗ ಅಡ್ಡ ಬಂದ. ಇವನು ಬ್ರೇಕ್ ತುಳಿದ. ಗಾಡಿ ನಿಲ್ಲಲಿಲ್ಲ. ನಿಂತಾಗ ಮುಂದೆ ಹುಡುಗ ಕಾಣಿಸಲಿಲ್ಲ.

"ಇಳಿಯೋಕೆ ಕಾಲೇ ಬರ್ಲಿಲ್ಲಣ್ಣ."

ಇಳಿದು ನೋಡಿದರೆ ಹುಡುಗ ಚರಂಡಿಯಲ್ಲಿದ್ದ. ಹೆದರಿ ಸೈಕಲ್ ಸಮೇತ ಪಕ್ಕಕ್ಕೆ ಹಾರಿದ್ದ. ಮೊಣಕಾಲು ತರಚಿತ್ತು, ಅಷ್ಟೇ. ಸೈಕಲ್ಲಿನ ಹಿಂದಿನ ಚಕ್ರ ಟಿಪ್ಪರಿನ ಬಂಪರ್ ಕೆಳಗಿತ್ತು. ಜನ ಸೇರಿದರು. ಒಬ್ಬ ಕೆನ್ನೆಗೆ ಹೊಡೆದ. ಒಬ್ಬ ಮೇಷ್ಟ್ರು ಬಿಡಿಸಿದರು. ಇವನು ಜೇಬಿನಲ್ಲಿದ್ದದ್ದೆಲ್ಲ ಸೈಕಲ್ಲಿಗೆ ಅಂತ ಕೊಟ್ಟು, ಹುಡುಗನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿ, ಮನೆಗೆ ಬಿಟ್ಟು ಬಂದ. ಓನರ್ ಹೇಳಿದ್ದು, "ಏನೂ ಆಗಿಲ್ವಲ್ಲ, ಎರಡು ಟ್ರಿಪ್ ಯಾಕೋ ಕಳೆದೆ?"

ಹದಿನೈದು ದಿನ ಕಳೆದು ಸ್ಟ್ರೈಕ್ ಸುದ್ದಿ ಬಂತು. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್: ಅಜಾಗರೂಕತೆಯಿಂದ ಓಡಿಸಿ ಸಾವಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು. ನಿಂತರೆ ಜನ ಸಾಯಿಸ್ತಾರೆ, ಓಡಿದರೆ ಜೈಲು ಅನ್ನೋದು ಡ್ರೈವರ್‌ಗಳ ಮಾತು. ಸರ್ಕಾರ ಮಾತುಕತೆ ಇಲ್ಲದೆ ಜಾರಿ ಮಾಡಲ್ಲ ಅಂತ ಹೇಳಿತು. 2024ರ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಉಪಸೆಕ್ಷನ್ ಒಂದನ್ನು ತಡೆಹಿಡಿಯಿತು. ಅದರ ಸರಿ-ತಪ್ಪು ನನಗೆ ಪೂರ್ತಿ ತೀರ್ಮಾನ ಆಗಿಲ್ಲ. ಗುದ್ದಿ ಓಡಿಹೋದವರಿಂದ ಮಗನನ್ನು ಕಳಕೊಂಡ ಮನೆ ನಮ್ಮೂರಲ್ಲೇ ಒಂದಿದೆ. ಅವರನ್ನು ಕೇಳಿದರೆ ಹತ್ತು ವರ್ಷ ಸಾಲದು ಅಂತಾರೆ. ಆದರೆ ನಾನು ಟ್ಯಾಂಕ್ ಫುಲ್ ಮಾಡಿಸಿಕೊಂಡು ಬಂದ ರಾತ್ರಿ ಇವನು ಫೋನ್ ಮಾಡಿದ್ದು ಇದಕ್ಕೆ. "ಸೆಟ್ಟಾಗ್ತಿಲ್ಲ" ಅಂದದ್ದು ಇದನ್ನು.

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪಂಗೆ ಹೇಳ್ತಿದ್ದೆ. ಅಪ್ಪ ಡ್ರೈವಿಂಗೇ ಬಿಡು ಅಂತಿದ್ರು. ನಂಗ್ ಡ್ರೈವಿಂಗ್ ಬಿಡೋಕ್ ಇಷ್ಟ ಇಲ್ಲ. ಆ ಓಟ ಬೇಡ ಅಷ್ಟೆ."

ಈ ಓಟಕ್ಕೆ ಕಡಿವಾಣ ಇರಲಿಲ್ಲ ಅಂತೇನಲ್ಲ. ಆಗ ಜಾರಿಯಲ್ಲಿದ್ದ 1961ರ ಮೋಟಾರ್ ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತಿತ್ತು. ಅದು ಅನ್ವಯ ಆಗ್ತಿದ್ದದ್ದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಡೆ. ಎರಡು ಟಿಪ್ಪರ್, ಮೂರು ಲಾರಿ ಇಟ್ಟುಕೊಂಡವರ ಹತ್ತಿರ ಹೊಸ ಹುಡುಗರೆಲ್ಲ ಕೆಲಸ ಕಲಿಯೋದು, ಅಲ್ಲಿಗೆ ಆ ಕಾಯ್ದೆ ಎಷ್ಟೋ ಸಲ ಬರ್ತಾನೇ ಇರಲಿಲ್ಲ. ಹೀಗಾಗಿ ಕಾನೂನು ಇವನಿಗೆ ಕೊಡದ ಒಂದು ರಾತ್ರಿ ನಿದ್ದೆಯನ್ನು ಇವನು ಸಂಬಳದಲ್ಲಿ ಹತ್ತು ಸಾವಿರ ಬಿಟ್ಟುಕೊಟ್ಟು ಕೊಂಡುಕೊಂಡಿದ್ದ. ನಾನು ಅದನ್ನು ಆಂಬಿಷನ್ ಇಲ್ಲ ಅಂದಿದ್ದೆ.

ಹೊಸ ಕೆಲಸ ಸ್ವರ್ಗ ಅಂತ ಏನೂ ಅಲ್ಲ. ಮೇನ್ ಡ್ರೈವರ್ ಮಹಾ ಮುಂಗೋಪಿ. ಮೊದಲ ಎರಡು ಟ್ರಿಪ್ಪಿನಲ್ಲಿ ಸ್ಟೇರಿಂಗ್ ಮುಟ್ಟೋಕೂ ಬಿಡಲಿಲ್ಲವಂತೆ, ಅಡಿಗೆ ಮಾಡಿಸಿದ್ದೇ ಮಾಡಿಸಿದ್ದು. ಮೇ ತಿಂಗಳಲ್ಲಿ ಕ್ಯಾಬಿನ್ನಿನೊಳಗೆ ಕೂತರೆ ಇಂಜಿನ್ ಬಿಸಿ ಒಂದು ಕಡೆ, ಬಿಸಿಲು ಒಂದು ಕಡೆ. ಹೊಸದಾಗಿ ತಯಾರಾಗೋ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ ಅಂತ ಓದಿ ಖುಷಿಯಿಂದ ಅವನಿಗೆ ಲಿಂಕ್ ಕಳಿಸಿದೆ. "ನಮ್ಮ ಗಾಡಿ ತಯಾರಾಗಿ ಹನ್ನೊಂದು ವರ್ಷ ಆಯ್ತು" ಅಂತ ಉತ್ತರ ಬಂತು. ಆದರೆ ಕಲೀತಿದ್ದ. ಫೋನಿನಲ್ಲಿ ಬರೀ ಅದೇ ಮಾತು. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮು ಕಾದು ಬ್ರೇಕೇ ಹಿಡಿಯಲ್ಲ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳೀಬೇಕು. ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡೋರು ಒಂದಿನ ಗಾಡಿ ಸಮೇತ ಹೋಗ್ತಾರೆ. ಟಿಪ್ಪರಿನಲ್ಲಿ ಎಂಟು ತಿಂಗಳು ಇದ್ಯಾವುದನ್ನೂ ಹೇಳಿಕೊಡೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಜೂನ್ ಕೊನೆಗೆ ಒಂದು ದಿನ ಮಧ್ಯರಾತ್ರಿ ದಾಟಿದ ಮೇಲೆ ಫೋನು. ನನಗೆ ಎದೆ ಧಸಕ್ಕಂತು.

"ಅಣ್ಣ, ತವಂದಿ ಘಾಟಿ ಇಳಿಸ್ದೆ. ಲೋಡಲ್ಲಿ. ಅವರು ಪಕ್ಕದಲ್ಲಿ ಕೂತಿದ್ರು, ಒಂದ್ ಮಾತಾಡ್ಲಿಲ್ಲ."

ನಿಪ್ಪಾಣಿ ಹತ್ತಿರದ ಆ ಇಳಿಜಾರು ಕಾರಿನಲ್ಲಿ ಹೋದರೆ ಗೊತ್ತೂ ಆಗಲ್ಲ. ಪುಣೆಗೆ ಹೋಗುವಾಗ ನಾನು ಅಲ್ಲಿ ಎಷ್ಟು ಸಲ ಲಾರಿಗಳ ಹಿಂದೆ ಸಿಕ್ಕಿಕೊಂಡು "ಯಾಕಿಷ್ಟು ನಿಧಾನ ಸಾಯ್ತಾರೋ" ಅಂತ ಹಾರ್ನ್ ಹೊಡೆದಿದ್ದೇನೋ.

ಇನ್ನು ಆ ನಲವತ್ತು ಸಾವಿರ. ನಾನು ಅದನ್ನು ಕೊಟ್ಟು ಮರೆಯಬೇಕು ಅಂತಲೇ ಇದ್ದೆ. ಅವನು ಬಿಡಲಿಲ್ಲ. 2024ರ ಮಾರ್ಚಿನಿಂದ ಪ್ರತಿ ತಿಂಗಳು ಎರಡು ಸಾವಿರ ಹಾಕ್ತಾನೆ. ಹನ್ನೆರಡು ಸಾವಿರ ಸಂಬಳ ಇದ್ದಾಗಲೂ ಹಾಕಿದ. ಬೇಡ ಅಂದೆ. ವಾಪಸ್ ಕಳಿಸಿದೆ, ತಿರುಗಿ ಹಾಕಿದ. ಒಂದು ಸಲ ಜೋರಾಗಿಯೇ ಹೇಳಿದೆ, "ನಾನೇನು ನಿನ್ ಓನರಾ?"

"ಸಾಹುಕಾರ್ರಿಗಾದ್ರೆ ಕೊಡ್ತಿರ್ಲಿಲ್ವಾ? ನಿಂಗ್ ಕೊಡ್ದೆ ಇದ್ರೆ ನಾಳೆ ಕಷ್ಟ ಬಂದಾಗ ಇನ್ನೊಂದ್ ಸಲ ಹೆಂಗ್ ಕೇಳ್ಲಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಂದು ಬದಲಾವಣೆ ಆಗಿದೆ, ಅದು ನನಗೆ ಹಿಡಿಸ್ತಿಲ್ಲ. ಮೊದಲು ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ "ಏನಣ್ಣ, ಸತ್ತಿದೀಯೋ ಬದುಕಿದೀಯೋ" ಅನ್ನೋನು, ಈಗ ಮೊದಲು ಮೆಸೇಜ್ ಹಾಕಿ "ಮಾತಾಡಬಹುದಾ" ಅಂತ ಕೇಳ್ತಾನೆ. ಊರಿಗೆ ಹೋದರೆ ಚಿಕ್ಕಪ್ಪ ಜಗಲಿಯಿಂದ ಎದ್ದು ನಿಲ್ತಾರೆ. ಚಿಕ್ಕಮ್ಮ ನನಗೊಬ್ಬನಿಗೆ ಬೇರೆ ಲೋಟದಲ್ಲಿ ಕಾಫಿ ಕೊಡ್ತಾರೆ. ಬೀರುವಿನಿಂದ ಕಾರ್ಡು ಹೊರಗೆ ಬಂತು, ನಿಜ. ಆದರೆ ಹಗ್ಗದ ತುದಿ ನನ್ನ ಕೈಯಲ್ಲಿದೆ ಅಂತ ಅವರೆಲ್ಲ ತಿಳಕೊಂಡ ಹಾಗಿದೆ. ಟೀ ಅಂಗಡಿ ಮುಂದೆ ಆಡಿದ ಆ ಮಾತು ಅವನಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಿಲ್ಲ.

ಆರು ತಿಂಗಳು ಅಂದಿದ್ದ ಯಜಮಾನರು ಒಂಬತ್ತು ತಿಂಗಳು ಮಾಡಿ ಮೇನ್ ಡ್ರೈವರ್ ಮಾಡಿದರು. ಸಂಬಳ ಈಗ ಟಿಪ್ಪರಿಗಿಂತ ಸ್ವಲ್ಪ ಮೇಲಿದೆ. ಹೋದ ತಿಂಗಳು ಬೆಂಗಳೂರಿನ ಒಂದು ದೊಡ್ಡ ಫ್ಲೀಟಿನವರು ಕರೆದಿದ್ದರಂತೆ, ಎರಡು ವರ್ಷ ಆಯ್ತಲ್ಲ ಲೈಸೆನ್ಸ್ ಬಂದು. "ಹೋಗ್ತೀಯಾ?" ಅಂದೆ. "ಇನ್ನೊಂದ್ ಮಳೆಗಾಲ ಇಲ್ಲೇ ನೋಡ್ತೀನಿ" ಅಂದ. ಅವನ ಪಕ್ಕದ ಸೀಟಿನಲ್ಲಿ ಈಗ ಅರಸೀಕೆರೆ ಕಡೆಯ ಒಬ್ಬ ಹುಡುಗ ಕೂರ್ತಾನೆ. ಲೈಸೆನ್ಸ್ ಬಂದು ಮೂರು ತಿಂಗಳಂತೆ. ಟೈರಿಗೆ ಬಡಿದರೆ ಎಲ್ಲ ಒಂದೇ ಶಬ್ದ ಕೇಳತ್ತಂತೆ ಅವನಿಗೆ.

ಹೋದ ಭಾನುವಾರ ಅಪ್ಪನಿಗೆ ಐವತ್ತು ಸಾವಿರ ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಏನೋ ಇದು, ತಪ್ಪಾಗಿ ಬಂತಾ?"

"ಇಲ್ಲಪ್ಪ. ಆ ಬಾಂಡ್ ದುಡ್ಡು."

"ಯಾವ ಬಾಂಡು?"

ಹೇಳಿದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಆ ಸಲದ ಕಾಯಿ ಇನ್ನೆರಡು ತಿಂಗಳು ಬಿಡಬೇಕಿತ್ತು ಕಣೋ" ಅಂದರು. ಆಮೇಲೆ ಮಳೆ ಎಷ್ಟಾಯ್ತು ಅಂತ ಮಾತಾಡಿದೆವು. ಇಡುವಷ್ಟರಲ್ಲಿ ಫೋನ್ ಇನ್ನೊಂದು ಸಲ ಟಿಂಗ್ ಅಂತು. ಎರಡು ಸಾವಿರ, ಹದಿನಾರನೇ ಕಂತು. ಕೆಳಗೆ ಮೆಸೇಜು: "ಸೊಲ್ಲಾಪುರ ದಾಟಿದೀನಿ ಅಣ್ಣ. ಇಲ್ಲಿ ಮಳೆ. ಟಾರ್ಪಾಲ್ ಚೆನ್ನಾಗಿ ಕಟ್ಟಿದೀನಿ."